ಪುಟ್ಟಲಕ್ಷ್ಮಿ ಮತ್ತು ಆಲ್ಬಾ ಎಂಬ ಪದ

ಕಟ್ಟೆಮಳಲವಾಡಿಯ ಪುಟ್ಟಲಕ್ಷ್ಮಿಗೆ ಬಣ್ಣ ನೋಡುವುದೇ ಕಸುಬು. ಬ್ಯಾರನ್ ಎಂಬ ಬಿಸಿಗಾಳಿಯ ಮನೆಯಲ್ಲಿ ಬೆಂದು ಒಣಗಿದ ಹೊಗೆಸೊಪ್ಪನ್ನು ಮುಂದೆ ರಾಶಿ ಹಾಕಿದರೆ, ನಿಂಬೆಹಣ್ಣಿನ ಹಳದಿಯದು ಒಂದು ಕಡೆ, ಕಿತ್ತಳೆಯದು ಇನ್ನೊಂದು ಕಡೆ, ಹಸಿರು ಉಳಿದದ್ದು, ಕಂದು ತಿರುಗಿದ್ದು ಎಂದು ಬೇರೆ ಬೇರೆ ಮಾಡಿ ಇಡುತ್ತಾಳೆ. ಹರಾಜಿಗೆ ಸೊಪ್ಪು ಹೋಗುವ ತಿಂಗಳುಗಳಲ್ಲಿ ಹುಣಸೂರು, ಪಿರಿಯಾಪಟ್ಟಣದ ಸುತ್ತಿನ ಊರುಗಳವರು ಅವಳಿಗೆ ಮೊದಲೇ ಹೇಳಿಟ್ಟುಕೊಳ್ಳುತ್ತಾರೆ. ಕೆಲಸಕ್ಕೆ ಕರೆಯುವವರಲ್ಲಿ ಎಷ್ಟೋ ಜನ ಊಟದ ಹೊತ್ತಿಗೆ ಅವಳನ್ನು ಹಿತ್ತಿಲ ಕಡೆ ಕೂರಿಸುತ್ತಾರೆ. ಯಾಕೆಂದರೆ ಅವಳ ಎರಡು ಕೈಯೂ ಬೆರಳ ತುದಿಯಿಂದ ಮೊಣಕೈವರೆಗೆ ಹಾಲಿನಂತೆ ಬೆಳ್ಳಗಿವೆ. ತುಟಿಯ ಅಂಚು, ಕಣ್ಣಿನ ಸುತ್ತಲೂ ಹಾಗೆಯೇ. ಊರಿನಲ್ಲಿ ಅದಕ್ಕೆ ತೊನ್ನು ಅನ್ನುತ್ತಾರೆ.

ಅದು ಶುರುವಾದದ್ದು ಅವಳ ಹತ್ತೊಂಬತ್ತನೇ ವಯಸ್ಸಿಗೆ. ಕೆ.ಆರ್. ನಗರದ ಕಡೆಯ ಒಂದು ಮನೆಗೆ ಮಾತಾಗಿ, ಗಂಡಿನ ಕಡೆಯವರು ಬಂದು ಹೂ ಮುಡಿಸಿ ಹೋಗಿದ್ದರು. ತುಟಿಯ ಬಲಗಡೆ ರಾಗಿಕಾಳಿನಷ್ಟು ಬಿಳಿ ಚುಕ್ಕೆ ಎದ್ದಿತು. ಹುಣಸೂರಿನ ಒಬ್ಬ ಡಾಕ್ಟರು ನೋಡಿ, "ಏನಿಲ್ಲ, ಕ್ಯಾಲ್ಸಿಯಂ ಕಮ್ಮಿ, ಹಾಲು ಕುಡೀರಿ" ಅಂದರು. ಹಾಲು ಕುಡಿದರೂ ಚುಕ್ಕೆ ಬೆಳೆಯಿತು. ಆಮೇಲೆ ಅವಳ ಅವ್ವ ಕುಳ್ಳಮ್ಮ, ಎಚ್.ಡಿ. ಕೋಟೆ ದಾಟಿ ಕೇರಳದ ಗಡಿಯ ಹತ್ತಿರ ಎನ್. ಬೇಗೂರಿನಲ್ಲಿ ಒಬ್ಬ ನಾಟಿ ವೈದ್ಯನಿದ್ದಾನೆ ಎಂದು ಯಾರೋ ಹೇಳಿದ್ದನ್ನು ನಂಬಿ ಅಲ್ಲಿಗೆ ಕರೆದುಕೊಂಡು ಹೋದಳು. ಅವನು ಬಾವಂಚಿ ಬೀಜದ ಎಣ್ಣೆ ಕೊಟ್ಟು, ಹಚ್ಚಿಕೊಂಡು ಬಿಸಿಲಲ್ಲಿ ಕೂರಬೇಕು ಅಂದ. ಮೈಮೇಲೆ ಬೊಬ್ಬೆ ಎದ್ದವು, ಸುಲಿದು ನೀರು ಸೋರಿತು. ಬಿಳುಪು ಅಲ್ಲೇ ಉಳಿಯಿತು. ಗಂಡಿನ ಕಡೆಯವರು ಬಂದು ಏನೂ ಹೇಳಲಿಲ್ಲ. ಬರುವುದನ್ನೇ ನಿಲ್ಲಿಸಿದರು.

ಅವ್ವ ತೀರಿಕೊಂಡ ಮೇಲೆ ಪುಟ್ಟಲಕ್ಷ್ಮಿ ತಮ್ಮ ಕಾಂತರಾಜುವಿನ ಮನೆಯಲ್ಲೇ ಉಳಿದಳು. ಕಾಂತರಾಜು ಜಮೀನು ನೋಡಿಕೊಳ್ಳುತ್ತಾನೆ. ಅವನ ಹೆಂಡತಿ ಭಾಗ್ಯ ಹುಣಸೂರಿನ ಒಂದು ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಬೆಳಗ್ಗೆ ಬೇಗ ವ್ಯಾನು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಇಳಿಯುತ್ತಾಳೆ. ಹೀಗಾಗಿ ಅವರ ಮಗಳು ಸೌಂದರ್ಯ ಬೆಳೆದದ್ದೆಲ್ಲ ಅತ್ತೆಯ ಮಡಿಲಲ್ಲಿ. ಮೂರನೇ ಕ್ಲಾಸಿನ ಹುಡುಗಿ. ಅತ್ತೆಯ ಕೈಯಲ್ಲೇ ಜಡೆ ಹಾಕಿಸಿಕೊಂಡು ಸ್ಕೂಲಿಗೆ ಹೋಗಬೇಕು, ಅತ್ತೆಯ ಪಕ್ಕದಲ್ಲೇ ಮಲಗಬೇಕು.

ಈ ಸಲದ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಜಡೆ ಹಾಕುವಾಗ ಪುಟ್ಟಲಕ್ಷ್ಮಿಯ ಕೈ ನಿಂತುಹೋಯಿತು. ಹುಡುಗಿಯ ಎಡಗೆನ್ನೆಯ ಮೇಲೆ, ಕಣ್ಣಿಗಿಂತ ಸ್ವಲ್ಪ ಕೆಳಗೆ, ಬಣ್ಣ ಕಮ್ಮಿಯಾದ ಒಂದು ಜಾಗ ಕಂಡಿತು.

"ಯಾಕತ್ತೆ?" ಅಂದಳು ಸೌಂದರ್ಯ.

"ಏನಿಲ್ಲ ಕಣ ಮಗ, ಸಿಕ್ಕು," ಅಂದಳು ಪುಟ್ಟಲಕ್ಷ್ಮಿ.

ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಹೋಗಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದಳು, ಎಣ್ಣೆ ಇರುವಷ್ಟು ಹೊತ್ತು ಮರೆಯಾಗಿ ಮತ್ತೆ ಕಂಡಿತು. ಮಾರನೇ ದಿನ ಬೆಳಕಿಗೆ ತಿರುಗಿಸಿ ನೋಡಿದಳು. ಅದರ ಮಾರನೇ ದಿನವೂ ನೋಡಿದಳು. ಸ್ಕೂಲಿನಿಂದ ಬಂದ ಕೂಡಲೇ ಮೊದಲು ಕೆನ್ನೆ, ಆಮೇಲೆ ಮಾತು. ಸೊಪ್ಪು ವಿಂಗಡಿಸಲು ಕೂತಾಗಲೂ ಅದೇ ಯೋಚನೆ. ಹಳದಿಯ ಗುಡ್ಡೆಗೆ ಕಿತ್ತಳೆ ಬಿದ್ದಿದ್ದನ್ನು ಬೇರೆಯವರು ತೆಗೆದು ತೋರಿಸುವ ಹಾಗಾಯಿತು. ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಬಾಯಿಂದ ಆಚೆ ಬಂದರೆ ಅದು ನಿಜವಾಗಿಬಿಡುತ್ತದೆ ಅನ್ನಿಸುತ್ತಿತ್ತು.

ಶನಿವಾರ ಭಾಗ್ಯಳೇ ನೋಡಿದಳು. ಅಷ್ಟರಲ್ಲಿ ಇನ್ನೊಂದು ಕೆನ್ನೆಯ ಮೇಲೂ ಒಂದು ಎದ್ದಿತ್ತು.

"ಅಕ್ಕಾ, ಮಗೀನ ಮಕದ ಮ್ಯಾಲೆ ಇದೇನಿದು?"

"ಚಳಿಗೆ ಒಡ್ದದೆ ಕಣವ್ವ."

"ನಿಮ್ಗೆ ಮೊದ್ಲೇ ಗೊತ್ತಿತ್ತಾ?"

ಪುಟ್ಟಲಕ್ಷ್ಮಿ ಹುಡುಗಿಯ ಜಡೆ ಸರಿಮಾಡಲು ಹೋದಳು.

"ಗೊತ್ತಿದ್ದೂ ಬಾಯಿ ಬುಡ್ನಿಲ್ವಾ ನೀವು?" ಅಂದಳು ಭಾಗ್ಯ. ಮಗಳನ್ನು ಎಳೆದು ಸೀರೆಯ ಸೆರಗಿನಲ್ಲಿ ಆ ಕೆನ್ನೆಯನ್ನು ಉಜ್ಜಿದಳು. ಹುಡುಗಿ ಉರಿ ಅಂತ ಅತ್ತಳು.

ಹುಣಸೂರಿನ ಒಂದು ಕ್ಲಿನಿಕ್ಕಿಗೆ ಭಾನುವಾರ ಮಾತ್ರ ಮೈಸೂರಿನಿಂದ ಚರ್ಮದ ಡಾಕ್ಟರು ಬರುತ್ತಾರೆ. ಭಾಗ್ಯ, ಪುಟ್ಟಲಕ್ಷ್ಮಿ, ಹುಡುಗಿ ಮೂವರೂ ಹೋದರು. ಆಚೆ ಬೆಂಚು ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ಒಳಗೆ ಹೋದಾಗ ಡಾಕ್ಟರು ಕೆನ್ನೆ ಹಿಡಿದು ಆಚೀಚೆ ತಿರುಗಿಸಿ, ಪಕ್ಕದಲ್ಲಿ ಕಲಿಯಲು ನಿಂತಿದ್ದ ಹುಡುಗಿಗೆ ಇಂಗ್ಲಿಷಿನಲ್ಲಿ ಏನೋ ವಿವರಿಸಿದರು. ಆ ಮಾತಿನ ಕೊನೆಯಲ್ಲಿ "ಆಲ್ಬಾ" ಅಂದದ್ದು ಪುಟ್ಟಲಕ್ಷ್ಮಿಗೂ ಕೇಳಿಸಿತು, ಭಾಗ್ಯಳಿಗೂ ಕೇಳಿಸಿತು. ಆಮೇಲೆ ಡಾಕ್ಟರು ಇವರ ಕಡೆ ತಿರುಗಿ, "ಏನಿಲ್ಲಮ್ಮ, ಈ ಕ್ರೀಮ್ ಹಚ್ಚಿ, ಬಿಸಿಲಲ್ಲಿ ಜಾಸ್ತಿ ಆಡಿಸ್ಬೇಡಿ. ನೆಕ್ಸ್ಟ್," ಅಂದರು.

ಏನಿಲ್ಲ. ಪುಟ್ಟಲಕ್ಷ್ಮಿ ಆ ಮಾತಿಗೇ ಹೆದರಿದಳು. ಹತ್ತೊಂಬತ್ತನೇ ವಯಸ್ಸಿಗೆ ಅವಳಿಗೆ ಹೇಳಿದ್ದೂ ಅದನ್ನೇ.

ಮನೆಗೆ ಬಂದ ಮೇಲೆ ಕಾಂತರಾಜು ಫೋನನ್ನು ಬಾಯಿಯ ಹತ್ತಿರ ಹಿಡಿದು, "ಆಲ್ಬಾ ಅಂದ್ರೇನು?" ಅಂತ ಕೇಳಿದ. ಫೋನು ಅದು ಲ್ಯಾಟಿನ್ ಭಾಷೆಯ ಪದ, ಬಿಳಿ ಎಂದರ್ಥ ಅಂತ ಹೇಳಿತು. ಕಾಂತರಾಜು ಫೋನನ್ನು ಅಂಗಿಯ ಜೇಬಿಗೆ ಹಾಕಿ ಎದ್ದು ದನದ ಕೊಟ್ಟಿಗೆ ಕಡೆ ಹೋದ. ಭಾಗ್ಯ ಒಳಗೆ ಹೋಗಿ, ಪುಟ್ಟಲಕ್ಷ್ಮಿಯ ಚಾಪೆಯ ಪಕ್ಕದಿಂದ ಮಗಳ ದಿಂಬನ್ನು ಎತ್ತಿಕೊಂಡಳು. ಬಾಚಣಿಗೆ ಎತ್ತಿಕೊಂಡಳು. ಹುಡುಗಿ ಉಣ್ಣುವ ತಟ್ಟೆಯನ್ನು ಬಿಸಿನೀರಲ್ಲಿ ತೊಳೆದು ಬೇರೆ ಕಡೆ ಇಟ್ಟಳು.

"ಅದು ಮುಟ್ಟಿದ್ರೆ ಬರಾಕಿಲ್ಲ ಕಣ ಭಾಗ್ಯ," ಅಂದಳು ಪುಟ್ಟಲಕ್ಷ್ಮಿ ಮೆಲ್ಲಗೆ. "ಬೊಬ್ಬೆ ಎದ್ದಾಗ ಆಸ್ಪತ್ರೇಲಿ ನಂಗೆ ಯೋಳವ್ರೆ."

"ಮತ್ತೆಂಗ್ ಬಂತಕ್ಕ? ನಮ್ಮವ್ವನ ಮನೇಲಿ ಯಾರ್ಗೂ ಇಲ್ಲ."

ಮುಟ್ಟಿದರೆ ಬರುವುದಿಲ್ಲ ಎಂದು ಪುಟ್ಟಲಕ್ಷ್ಮಿಗೆ ಗೊತ್ತಿತ್ತು. ಆದರೆ ರಕ್ತದಲ್ಲಿ ಬಂದರೆ? ಒಂದೇ ಮನೆತನ, ಒಂದೇ ರಕ್ತ. ಹಾಗೇನಾದರೂ ಬಂದಿದ್ದರೆ ಅದು ತನ್ನಿಂದಲೇ ಅಲ್ಲವೇ? ಹುಡುಗಿಯ ಜಡೆ, ಹುಡುಗಿಯ ಸ್ಕೂಲು, ಮುಂದೆ ಅವಳನ್ನು ನೋಡಲು ಬರುವ ಜನ, ಬಂದು ಕಾಫಿ ಕುಡಿಯದೆ ಎದ್ದು ಹೋಗುವ ಜನ, ಎಲ್ಲ ಕಣ್ಣ ಮುಂದೆ ಬಂತು. ಸೋಮವಾರ ಭಾಗ್ಯ ಕೆಲಸಕ್ಕೆ ಹೋಗಲಿಲ್ಲ, ಮಗಳನ್ನು ಸ್ಕೂಲಿಗೂ ಕಳಿಸಲಿಲ್ಲ. ನಾಲ್ಕು ಜನ ನೋಡಿ ನಾಲ್ಕು ಮಾತಾಡುತ್ತಾರೆ ಅಂತ ಬಾಗಿಲು ಮುಂದೆ ಮಾಡಿಕೊಂಡು ಕೂತಳು.

ಆ ಪದವನ್ನು ಹಿಂದೆ ಎಲ್ಲೋ ಕೇಳಿದ್ದೇನೆ ಅಂತ ಪುಟ್ಟಲಕ್ಷ್ಮಿಗೆ ಆವತ್ತಿಡೀ ಅನ್ನಿಸುತ್ತಿತ್ತು. ಸಂಜೆ ಕಸ ಗುಡಿಸುವಾಗ ನೆನಪಾಯಿತು. ಕಂಪಲಾಪುರದ ಷಣ್ಮುಖಪ್ಪ ಮೇಷ್ಟ್ರು! ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಿಯಾದವರು. ಅವರ ಜಮೀನಿನ ಸೊಪ್ಪನ್ನು ಪ್ರತಿ ವರ್ಷ ಇವಳೇ ವಿಂಗಡಿಸುವುದು. ಅವರ ಹಿತ್ತಿಲ ಬೇಲಿಯಲ್ಲಿ ರೇಷ್ಮೆಹುಳ ಮೇಯಿಸುವ ಹಿಪ್ಪುನೇರಳೆ ಗಿಡಗಳಿದ್ದವು. ಯಾರಾದರೂ ಹುಡುಗರು ನೋಡಲು ಬಂದರೆ, "ಇದರ ಹೆಸರು ಮೋರಸ್ ಆಲ್ಬಾ, ಬರ್ಕೊಳ್ಳಿ," ಅನ್ನುತ್ತಿದ್ದರು. ಆ ಗಿಡದ ಸೊಪ್ಪು ಹಸಿರು. ಹಣ್ಣು ತಿಂದರೆ ನಾಲಿಗೆ ಕಪ್ಪಾಗುತ್ತದೆ. ಕಪ್ಪು ಹಣ್ಣಿನ ಗಿಡಕ್ಕೆ ಬಿಳಿ ಅಂತ ಹೆಸರಿದ್ದರೆ, ಆ ಪದಕ್ಕೆ ಬೇರೆ ಇನ್ನೇನೋ ಅರ್ಥ ಇರಬೇಕು ಅನ್ನಿಸಿತು. ಅಷ್ಟು ಸಣ್ಣ ಆಸೆ ಇಟ್ಟುಕೊಂಡು ಮಂಗಳವಾರ ಬೆಳಗ್ಗೆ ಹುಣಸೂರಿಗೆ ಹೋಗಿ ಪಿರಿಯಾಪಟ್ಟಣದ ಬಸ್ಸು ಹತ್ತಿದಳು. ಸೆರಗಿನೊಳಗೆ ಕೈ ಮುಚ್ಚಿಕೊಂಡೇ ಟಿಕೆಟ್ಟಿಗೆ ಕಾಸು ಕೊಟ್ಟಳು. ಪಕ್ಕದ ಹೆಂಗಸು ಒಮ್ಮೆ ಬೆರಳು ನೋಡಿ, ಮುಂದಿನ ಸ್ಟಾಪಿನಲ್ಲಿ ಸೀಟು ಬದಲಾಯಿಸಿದಳು.

ಷಣ್ಮುಖಪ್ಪನವರು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು.

"ಏನ್ ಪುಟ್ಟಲಕ್ಷ್ಮಮ್ಮ, ಈ ಸಲದ ಸೊಪ್ಪು ಮುಗೀತಲ್ಲ?"

"ಸೊಪ್ಪಿಗಲ್ಲ ಸಾ. ಒಂದು ಮಾತು ಕೇಳವ ಅಂತ ಬಂದೆ. ನಿಮ್ಮ ಬೇಲಿ ಗಿಡಕ್ಕೆ ಆಲ್ಬಾ ಅಂತೀರಲ್ಲ, ಅಂಗಂದ್ರೇನು?"

ಅವರಿಗೆ ಆಶ್ಚರ್ಯವಾಯಿತು. "ಬಿಳಿ ಅಂತ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅದ್ರ ಹಣ್ಣು ಕಪ್ಪಲ್ವಾ ಸಾ?"

"ಬಿಳಿ ಹಣ್ಣು ಬಿಡೋವೂ ಇವೆಯಮ್ಮ. ಯಾಕೆ, ಏನಾಯ್ತು? ಕೂತ್ಕೋ ಮೊದ್ಲು."

ಕೂತು ಎಲ್ಲ ಹೇಳಿದಳು. ಕೆನ್ನೆ, ಡಾಕ್ಟರು, ಫೋನು, ದಿಂಬು. ಹೇಳುತ್ತಾ ಸೆರಗು ಜಾರಿ ಕೈ ಆಚೆ ಬಂದದ್ದೂ ಅವಳಿಗೆ ತಿಳಿಯಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಕೇಳಿದರು.

"ನೋಡಮ್ಮ," ಅಂದರು ಕೊನೆಗೆ, "ಆಲ್ಬಾ ಅನ್ನೋದು ರೋಗದ ಹೆಸರಲ್ಲ. ಗಿಡದ ಹೆಸರೂ ಅಲ್ಲ. ಅದು ಬಣ್ಣ ಹೇಳೋ ಪದ, ಅಷ್ಟೆ. ನಾವು ಬಿಳಿ ಹೋರಿ, ಬಿಳಿ ಸೀರೆ ಅಂತೀವಲ್ಲ, ಆ ಬಿಳಿ. ಬಿಳಿ ಅಂದ ಮಾತ್ರಕ್ಕೆ ಹೋರಿಯೋ ಸೀರೆಯೋ ಹೆಂಗ್ ಗೊತ್ತಾಗುತ್ತೆ? ಜೊತೆಗಿರೋ ಪದ ಬೇಕು. ಲ್ಯಾಟಿನ್ನಲ್ಲಿ ಹೆಸರು ಮೊದ್ಲು ಹೇಳಿ ಆಮೇಲೆ ಬಣ್ಣ ಹೇಳ್ತಾರೆ. ಡಾಕ್ಟ್ರು ಆಲ್ಬಾ ಅನ್ನೋಕ್ ಮುಂಚೆ ಏನಂದ್ರು?"

"ಗೊತ್ತಿಲ್ಲ ಸಾ. ಕೊನೇದು ಮಾತ್ರ ಕೇಳಿಸ್ತು."

"ಹೂಂ." ಅವರು ಯೋಚಿಸಿದರು. "ಒಂದ್ ಸುಳಿವಿದೆ. ನಮ್ಮಲ್ಲಿ ಬಿಳಿಯ, ಬಿಳಿಯಳು, ಬಿಳಿಯದು ಅಂತ ಮೂರು ಮಾಡ್ತೀವಿ ನೋಡು. ಅವರಲ್ಲೂ ಹಂಗೇ. ಆಲ್ಬಸ್ ಅಂದ್ರೆ ಬಿಳಿಯ. ಆಲ್ಬಾ ಅಂದ್ರೆ ಬಿಳಿಯಳು. ಆಲ್ಬಮ್ ಅಂದ್ರೆ ಬಿಳಿಯದು. ಜೊತೆಗಿರೋ ಪದ ಗಂಡಾದ್ರೆ ಬಣ್ಣವೂ ಗಂಡಾಗ್ಬೇಕು, ಹೆಣ್ಣಾದ್ರೆ ಹೆಣ್ಣು. ಶ್ರೀಗಂಧದ ಹೆಸರು ಸ್ಯಾಂಟಲಮ್. ಅದು ಗಂಡೂ ಅಲ್ಲ ಹೆಣ್ಣೂ ಅಲ್ಲ, ಅದಕ್ಕೇ ಸ್ಯಾಂಟಲಮ್ ಆಲ್ಬಮ್."

"ನಿಮ್ಮ ಬೇಲಿ ಗಿಡ?"

"ಮೋರಸ್ ಅಂದ್ರೆ ಕೇಳೋಕೆ ಗಂಡು ಥರ ಇದೆ. ಆದ್ರೆ ಆ ಜನ ಮರಗಳನ್ನ ಹೆಣ್ಣು ಅಂತ ತಿಳ್ಕೊಂಡಿದ್ರು. ಆದ್ರಿಂದ ಆಲ್ಬಾ. ಅಂದ್ರೆ ನಿಮ್ಮ ಮಗುಗೆ ಬಂದಿರೋದ್ರ ಹೆಸರೂ ಹೆಣ್ಣು ಪದ. ಅಷ್ಟು ಖಾತ್ರಿ."

ಪುಟ್ಟಲಕ್ಷ್ಮಿ ತನ್ನ ಕೈ ಮುಂದೆ ಚಾಚಿ ಕೇಳಿದಳು: "ಸಾ, ನನ್ ಕೈದು? ಇದಕ್ಕೇನಂತಾರೆ? ಅದು ಗಂಡಾ ಹೆಣ್ಣಾ?"

ಅದು ಗಂಡು ಪದವಾಗಿದ್ದರೆ ಸಾಕಿತ್ತು. ಅಲ್ಲಿಗೇ ಮಗುವಿನದು ಬೇರೆ, ತನ್ನದು ಬೇರೆ ಅಂತ ತೀರ್ಮಾನವಾಗುತ್ತಿತ್ತು. ಷಣ್ಮುಖಪ್ಪನವರಿಗೂ ಅದು ಹೊಳೆದಿತ್ತು. ಒಳಗಿನಿಂದ ದಪ್ಪನೆಯ ನಿಘಂಟು ತಂದು ಹಾಳೆ ತಿರುಗಿಸಿದರು. ಅವಳು ಅವರ ಬೆರಳನ್ನೇ ನೋಡುತ್ತಿದ್ದಳು. ಬೆರಳು ಒಂದು ಕಡೆ ನಿಂತಿತು. ಅವರು ಬೇಗ ತಲೆ ಎತ್ತಲಿಲ್ಲ.

"ಇದಕ್ಕೆ ವಿಟಿಲಿಗೋ ಅಂತಾರೆ," ಅಂದರು. "ಅದೂ... ಹೆಣ್ಣು ಪದವೇ ಕಣಮ್ಮ."

ಹಿತ್ತಿಲಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದ ಸದ್ದು ಕೇಳುತ್ತಿತ್ತು. ಪುಟ್ಟಲಕ್ಷ್ಮಿ ತನ್ನ ಎರಡು ಕೈಯನ್ನೂ ಮತ್ತೆ ಸೆರಗಿನೊಳಗೆ ಸೇರಿಸಿಕೊಂಡಳು.

ಮೇಷ್ಟ್ರು ಅವಳನ್ನು ಹಾಗೆ ನೋಡಲಾರದೆ ಇನ್ನೊಂದು ಮಾತು ತೆಗೆದರು. "ಆ ಕಾಲದೋರು ಬಿಳುಪಿಗೆ ಎರಡು ಪದ ಇಟ್ಟಿದ್ರು. ಫಳಫಳ ಹೊಳೆಯೋ ಬಿಳುಪಿಗೆ ಕ್ಯಾಂಡಿಡಸ್. ಹೊಳಪಿಲ್ಲದ ಮಂಕು ಬಿಳುಪಿಗೆ ಆಲ್ಬಸ್. ಮಗು ಕೆನ್ನೆ ಮೇಲಿರೋದು ಯಾವ ಥರ ಇದೆ?"

ಅವಳು ಕಣ್ಣು ಮುಚ್ಚಿ ನೆನೆಸಿಕೊಂಡಳು. "ಮಂಕು ಸಾ. ಬೂದಿ ಸವರ್ದಂಗೆ. ಅಂಚು ಎಲ್ಲಿಗೆ ಮುಗೀತದೆ ಅಂತ ಗೊತ್ತಾಗಲ್ಲ. ಮುಟ್ಟಿದ್ರೆ ಒರಟು. ನಂದು ಸುರುವಾದಾಗ್ಲೇ ಗೆರೆ ಎಳ್ದಂಗಿತ್ತು, ನುಣ್ಣಗಿತ್ತು." ಹೇಳುತ್ತಿದ್ದಂತೆ ಅವಳ ದನಿ ಸ್ವಲ್ಪ ಏರಿತು, ಮತ್ತೆ ಇಳಿಯಿತು. "ಆದ್ರೂ ಈಗಿನ ಡಾಕ್ಟ್ರು ಅಷ್ಟೆಲ್ಲ ನೋಡಿ ಹೆಸ್ರು ಇಡ್ತಾರಾ?"

"ಅದು ಹೇಳೋಕಾಗಲ್ಲ," ಎಂದು ಅವರು ಒಪ್ಪಿಕೊಂಡರು. "ಹೆಸರು ಇಟ್ಟವರು ಯಾರೋ, ಕಾಲ ಯಾವುದೋ. ಆಲ್ಬಾಗೆ ಮುಂಚಿನ ಪದ ಸಿಕ್ಕಿದ್ರೆ ಮಾತ್ರ ಗೊತ್ತಾಗೋದು. ಅಲ್ಲಿ ಇನ್ಯಾರಿದ್ರು?"

ಅಲ್ಲಿದ್ದವಳು ಭಾಗ್ಯ. ಮತ್ತೆ ಸೌಂದರ್ಯ. ಪುಟ್ಟಲಕ್ಷ್ಮಿ ಮೇಷ್ಟ್ರ ಫೋನಿನಿಂದ ಮನೆಗೆ ಮಾಡಿಸಿದಳು. ಅವತ್ತೂ ಕೆಲಸಕ್ಕೆ ಹೋಗದೆ ಮನೆಯಲ್ಲೇ ಇದ್ದ ಭಾಗ್ಯ ಎತ್ತಿದಳು.

"ಎಲ್ಲಿದ್ದೀರಕ್ಕ? ಯೋಳ್ದೆ ಕೇಳ್ದೆ ಎಲ್ಲೋಗಿದ್ದೀರಾ?"

"ಕಂಪಲಾಪುರದಲ್ಲಿವ್ನಿ. ಭಾಗ್ಯ, ಡಾಕ್ಟ್ರು ಆಲ್ಬಾ ಅನ್ನೋಕ್ ಮುಂಚೆ ಇನ್ನೇನೋ ಅಂದ್ರಲ್ಲ, ಅದೇನು?"

"ನಂಗೇನ್ ಗೊತ್ತು? ಆ ಮಾತ್ ಕೇಳಿ ನನ್ ಕಿವಿ ಮುಚ್ಕೊಂಡೋಯ್ತು."

"ಮಗೀಗೆ ಒಂಚೂರು ಕೊಡವ್ವ. ನಿನ್ ಕೈ ಮುಗೀತೀನಿ."

ಭಾಗ್ಯ ಇಟ್ಟುಬಿಟ್ಟಳೇನೋ ಅಂದುಕೊಳ್ಳುವಷ್ಟರಲ್ಲಿ ಹುಡುಗಿಯ ದನಿ ಬಂತು. "ಅತ್ತೇ, ಯಾವಾಗ್ ಬತ್ತೀಯ?"

"ಬತ್ತೀನಿ ಮಗ. ಆವತ್ತು ನಿನ್ ಕೆನ್ನೆ ಹಿಡ್ಕೊಂಡು ಡಾಕ್ಟ್ರು ಏನಂದ್ರು? ನೆಪ್ಪದಾ?"

"ಊಂ. ಪಿಟೀಲು."

"ಏನು?"

"ಪಿಟೀಲು ಅಂದ್ರು ಅತ್ತೆ. ನಮ್ಮ ಬುಕ್ಕಲ್ಲಿ ವಾದ್ಯದ ಚಿತ್ರ ಐತಲ್ಲ, ಅದು. ಪಿಟೀಲು ಆಮ್ಯಾಕೆ ಯಾಸಿಸ್ಸೋ ಏನೋ ಅಂದ್ರು, ಆಮ್ಯಾಕೆ ಆಲ್ಬಾ. ನಂಗೆ ನಗು ಬಂತು. ಅವ್ವ ಬಯ್ತಳೆ ಅಂತ ನಗ್ನಿಲ್ಲ."

ಮೇಷ್ಟ್ರು ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದರು. "ಪಿಟಿ... ಪಿಟಿರಿಯಾಸಿಸ್!" ಅಂದರು. ನಿಘಂಟಿನಲ್ಲಿ ಇನ್ನೊಂದು ಕಡೆ ತೆಗೆದರು. ಆ ಪದ ಗ್ರೀಕ್ ಭಾಷೆಯಿಂದ ಬಂದದ್ದು. ಅದರ ಮೂಲದಲ್ಲಿರುವ ಪದಕ್ಕೆ ತವುಡು ಎಂದರ್ಥ. ತವುಡಿನ ಹಾಗೆ ಚರ್ಮ ಪುಡಿಪುಡಿಯಾಗಿ ಉದುರುವುದಕ್ಕೆ ಆ ಹೆಸರು. "ಇದೂ ಹೆಣ್ಣು ಪದ, ಅದಕ್ಕೇ ಆಲ್ಬಾ. ಬಿಳಿ ತವುಡು ಅಂದ್ಕೋ."

"ತವುಡಾ ಸಾ?" ಅವಳಿಗೆ ನಂಬಿಕೆ ಬರಲಿಲ್ಲ. "ದನಕ್ಕೆ ಹಾಕೋ ತವುಡಾ?"

"ಅದೇ. ಆದ್ರೆ ಪುಟ್ಟಲಕ್ಷ್ಮಮ್ಮ, ಮಗು ಬಾಯಲ್ಲಿ ಕೇಳಿದ ಅರ್ಧ ಪದ ಇದು. ನಾನು ಗಿಡದೋನು, ಡಾಕ್ಟ್ರಲ್ಲ. ಹೆಸರಿನ ಅರ್ಥ ಹೇಳಬಲ್ಲೆ, ರೋಗ ಇದೇ ಅಂತ ಹೇಳಲಾರೆ. ಭಾನುವಾರ ಮತ್ತೆ ಹೋಗು. ಬಾಯಿ ಬಿಟ್ಟು ಕೇಳು."

ಭಾನುವಾರ ದೂರ ಇತ್ತು. ಮನೆಗೆ ಬಂದು ತವುಡಿನ ವಿಷಯ ಹೇಳಿದಾಗ ಭಾಗ್ಯ, "ಗಿಡದ ಮೇಷ್ಟ್ರು ಮಾತಿಗೆ ನನ್ ಮಗೀನ ಬಾಳು ಒಪ್ಪಿಸ್ಲಾ?" ಅಂದಳು. ಅದೂ ಸರಿಯೇ ಅನ್ನಿಸಿತು ಪುಟ್ಟಲಕ್ಷ್ಮಿಗೆ. ಹುಡುಗಿಯ ಕೆನ್ನೆಯನ್ನು ದೂರದಿಂದ ನೋಡುತ್ತಿದ್ದಳು. ಹತ್ತಿರ ಹೋಗಲು ಭಾಗ್ಯ ಬಿಡುತ್ತಿರಲಿಲ್ಲ. ಒಂದು ಹೊತ್ತು ತವುಡಿನಂತೆ ಕಾಣುತ್ತಿತ್ತು, ಇನ್ನೊಂದು ಹೊತ್ತು ಬಿಸಿಲು ಬಿದ್ದಾಗ ಹಾಲಿನಂತೆ ಕಾಣುತ್ತಿತ್ತು. ಬಣ್ಣ ನೋಡಿಯೇ ಅನ್ನ ತಿಂದವಳಿಗೆ ಈಗ ಬಣ್ಣವೇ ತಿಳಿಯದಂತಾಯಿತು. ಕಾಂತರಾಜು ಒಂದು ಸಂಜೆ ಬಂದು ಅಕ್ಕನ ಪಕ್ಕ ಕೂತ. ಬೀಡಿ ಹಚ್ಚಿ, ಅರ್ಧಕ್ಕೇ ಆರಿಸಿ ಎದ್ದ.

ಭಾನುವಾರ ನಾಲ್ವರೂ ಹೋದರು. ಡಾಕ್ಟರು ಹೋದ ವಾರದ ಹಾಗೆಯೇ ಅವಸರದಲ್ಲಿದ್ದರು. "ಒಂದು ವಾರಕ್ಕೆಲ್ಲ ಹೋಗಲ್ಲಮ್ಮ, ಯಾಕೆ ಬಂದ್ರಿ?"

ಯಾವಾಗಲೂ ಬಾಗಿಲ ಹತ್ತಿರ ನಿಲ್ಲುತ್ತಿದ್ದ ಪುಟ್ಟಲಕ್ಷ್ಮಿ ಮೇಜಿನ ಹತ್ತಿರ ಬಂದಳು. ಸೆರಗು ತೆಗೆದು ತನ್ನ ಎರಡು ಕೈಯನ್ನೂ ಮೇಜಿನ ಮೇಲಿಟ್ಟಳು.

"ಸಾರ್, ಇದು ನಂದು. ಮಗೀಗೆ ಬಂದಿರೋದು ಇದೇನಾ? ನೀವು ಆವತ್ತು ಆಲ್ಬಾ ಅಂದ್ರಿ. ಅದಕ್ ಮುಂಚೆ ಹೆಸ್ರು ಏನಂದ್ರಿ? ಪಿಟಿ ಅಂತ ಬರೋದಾ?"

ಡಾಕ್ಟರು ಅವಳ ಕೈ ನೋಡಿದರು, ಮುಖ ನೋಡಿದರು. ಪೆನ್ನು ಕೆಳಗಿಟ್ಟರು.

"ಪಿಟಿರಿಯಾಸಿಸ್ ಆಲ್ಬಾ," ಅಂದರು ನಿಧಾನವಾಗಿ. "ನಿಮಗಿರೋದು ಬೇರೆ, ಇದು ಬೇರೆ. ಬನ್ನಿ, ತೋರಿಸ್ತೀನಿ."

ಪರದೆ ಎಳೆದು ಕತ್ತಲು ಮಾಡಿ, ನೀಲಿ ಬೆಳಕಿನ ಒಂದು ದೀಪವನ್ನು ಮೊದಲು ಪುಟ್ಟಲಕ್ಷ್ಮಿಯ ಕೈಗೆ ಹಿಡಿದರು. ಬಿಳುಪು ಫಳ್ಳನೆ ಹೊಳೆಯಿತು. ಭಾಗ್ಯ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ದೀಪವನ್ನು ಹುಡುಗಿಯ ಕೆನ್ನೆಗೆ ಹಿಡಿದರು. ಅಲ್ಲಿ ಹಾಗೆ ಹೊಳೆಯಲಿಲ್ಲ. ಮಂಕಾಗಿ, ಸುತ್ತಲಿನ ಚರ್ಮದೊಳಗೆ ಕರಗಿದಂತಿತ್ತು.

"ಮಕ್ಕಳಲ್ಲಿ ತುಂಬ ಸಾಮಾನ್ಯ. ಒಣ ಚರ್ಮ, ಚಳಿ, ಬಿಸಿಲು. ಕೆಲವು ತಿಂಗಳಲ್ಲಿ ತಾನಾಗೇ ಹೋಗುತ್ತೆ," ಅಂದರು. ಆಮೇಲೆ ಭಾಗ್ಯಳ ಕಡೆ ತಿರುಗಿ, "ಇವರಿಗಿರೋದೂ ಮುಟ್ಟಿದ್ರೆ ಬರೋದಲ್ಲ. ಮಗುನ ಇವರಿಂದ ದೂರ ಇಟ್ಟಿದ್ರೆ, ಅದು ಬೇಡ," ಅಂದರು. ಯಾರೂ ಹೇಳದಿದ್ದರೂ ಅವರಿಗೆ ಅದು ಹೇಗೆ ತಿಳಿಯಿತೋ.

ಆಚೆ ಬಂದ ಕೂಡಲೇ ಭಾಗ್ಯ ಮಗಳನ್ನು ಅಪ್ಪಿಕೊಂಡು ಜೋರಾಗಿ ಅತ್ತಳು. ಕಾಂತರಾಜು ಟವೆಲಿನಲ್ಲಿ ಮುಖ ಒರೆಸಿಕೊಂಡ. "ಸದ್ಯ, ಆ ದರಿದ್ರ ನನ್ ಮಗೀಗೆ ಬರ್ನಿಲ್ಲ. ದೇವ್ರು ದೊಡ್ಡೋನು," ಅಂತ ಭಾಗ್ಯ ಮತ್ತೆ ಮತ್ತೆ ಅನ್ನುತ್ತಿದ್ದಳು.

ಪುಟ್ಟಲಕ್ಷ್ಮಿ ಎರಡು ಹೆಜ್ಜೆ ಹಿಂದೆ ನಿಂತಿದ್ದಳು. ಅವಳ ಎದೆಯ ಮೇಲಿನ ಕಲ್ಲು ಇಳಿದಿತ್ತು. ಅದು ಸುಳ್ಳಲ್ಲ. ಆದರೆ ಇಳಿದ ಜಾಗದಲ್ಲಿ ಇನ್ನೇನೋ ಉರಿಯಿತು.

"ಭಾಗ್ಯ," ಅಂದಳು. "ಆ ದರಿದ್ರ ಅಂದ್ಯಲ್ಲ, ಅದು ನನ್ ಕೈ ಕಣವ್ವ. ಈ ಕೈಯಲ್ಲೇ ನಿನ್ ಮಗೀಗೆ ನೀರು ಉಯ್ದು ದೊಡ್ಡೋಳ್ ಮಾಡಿರೋದು."

ಭಾಗ್ಯಳ ಅಳು ನಿಂತಿತು. ಆವತ್ತು ಸಂಜೆ ಸೌಂದರ್ಯಳೇ ದಿಂಬು ಎತ್ತಿಕೊಂಡು ಬಂದು ಅತ್ತೆಯ ಚಾಪೆಯ ಪಕ್ಕ ಹಾಕಿದಳು. ಭಾಗ್ಯ ನೋಡಿದಳು, ತಡೆಯಲಿಲ್ಲ. ತಪ್ಪಾಯಿತು ಅನ್ನುವ ಮಾತು ಅವಳ ಬಾಯಲ್ಲಿ ಇವತ್ತಿಗೂ ಬಂದಿಲ್ಲ. ಯುಗಾದಿಗೆ ಅವಳ ಅಣ್ಣ ಬಂದಾಗ ಮಾತ್ರ, "ಅಕ್ಕ, ಹೋಳಿಗೆ ನೀವೇ ತಟ್ಟಿ, ನಂಗೆ ತೆಳ್ಳಗೆ ಬರಲ್ಲ," ಅಂದಳು. ಬಂದವರು ತಿಂದರೋ ಬಿಟ್ಟರೋ ಎಂದು ಪುಟ್ಟಲಕ್ಷ್ಮಿ ತಲೆ ಎತ್ತಿ ನೋಡಲು ಹೋಗಲಿಲ್ಲ.

ಮುಂಗಾರು ಹಿಡಿಯುವಷ್ಟರಲ್ಲಿ ಹುಡುಗಿಯ ಕೆನ್ನೆ ಮೊದಲಿನಂತಾಯಿತು.

ಅದಾದ ಮೇಲೆ ಒಂದು ದಿನ ಕೆಳಗಿನ ಬೀದಿಯ ರಾಮಮ್ಮ ಬಂದಳು. ಅವಳ ಮೊಮ್ಮಗಳು ಚಿನ್ನುವಿನ ಮೊಣಕಾಲ ಮೇಲೆ ಬಿಳಿ ಬಿದ್ದಿತ್ತು. "ನಿಂಗೆ ಗೊತ್ತಂತೆ, ಯಾವ್ದೋ ತವುಡಂತೆ, ನೋಡವ್ವ," ಅಂದಳು. ಪುಟ್ಟಲಕ್ಷ್ಮಿ ಬಾಗಿ ನೋಡಿದಳು. ನುಣ್ಣಗೆ, ಗೆರೆ ಎಳೆದ ಹಾಗೆ ಅಂಚು. ತನ್ನದು ಶುರುವಾದಾಗ ಇದ್ದ ಹಾಗೆಯೇ. "ನಾನ್ ಯೋಳೋದಲ್ಲ, ಡಾಕ್ಟ್ರು ಯೋಳ್ಬೇಕು. ನಾನೂ ಬತ್ತೀನಿ ನಡಿ," ಅಂದಳು.

ಭಾನುವಾರ ಡಾಕ್ಟರು ಅದೇ ದೀಪ ಹಿಡಿದರು. ಬಿಳುಪು ಹೊಳೆಯಿತು. ಅವರು ವಿಟಿಲಿಗೋ ಅಂದರು. ಈಗ ಔಷಧಿಗಳಿವೆ, ಬೇಗ ಬಂದದ್ದು ಒಳ್ಳೆಯದಾಯಿತು, ತಿಂಗಳು ತಿಂಗಳು ಬರಬೇಕು ಅಂತಲೂ ಅಂದರು. ರಾಮಮ್ಮನಿಗೆ ಅದೇನೂ ಕೇಳಿಸಲಿಲ್ಲ. ಆಚೆ ಬಂದು ಮೆಟ್ಟಿಲ ಮೇಲೆ ಕುಸಿದು, "ಅಯ್ಯೋ, ಎಂಗ್ ಬದುಕ್ತದೆ ಈ ಕೂಸು," ಅಂತ ಹಣೆ ಚಚ್ಚಿಕೊಂಡಳು.

ಪುಟ್ಟಲಕ್ಷ್ಮಿ ಅವಳ ಪಕ್ಕ ಕೂತಳು.

"ನನ್ನಂಗೆ ಬದುಕ್ತದೆ," ಅಂದಳು. "ನನಗಿಂತ ಚೆಂದಾಗಿ ಬದುಕ್ತದೆ. ನೀನು ಮಾತ್ರ ಇದ್ರ ತಟ್ಟೆ ಬ್ಯಾರೆ ಇಡ್ಬ್ಯಾಡ ರಾಮಮ್ಮ. ಮಿಕ್ಕಿದ್ದೆಲ್ಲ ತಡ್ಕೋಬೋದು."

ರಾಮಮ್ಮ ಅವಳ ಮುಖ ನೋಡಿದಳು. ಚಿನ್ನುವಿಗೆ ಏನೂ ಅರ್ಥವಾಗಿರಲಿಲ್ಲ. ಬಸ್ಸು ಬಂತು ಅಂತ ಕೂಗಿ, ಹತ್ತಿರವಿದ್ದ ಪುಟ್ಟಲಕ್ಷ್ಮಿಯ ಕೈಯನ್ನೇ ಹಿಡಿದು ಎಳೆದಳು. ಮೂವರೂ ಎದ್ದು ಬಸ್ಸಿನ ಕಡೆ ನಡೆದರು.